ಸಿ ಭಾಷೆಯಲ್ಲಿ ಶೇರ್ಡ್ ಮೆಮೊರಿ: ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಒಂದೇ ಕೋಡ್ ನಡೆಯಬೇಕು, ಹೇಗೆ?

ಬೈಟುಗಾರ

ಎಲ್ಲರಿಗೂ ನಮಸ್ಕಾರ. ಒಂದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಉಪಕರಣದಿಂದ ಅಳತೆಗಳನ್ನು ತಂದು ಶೇರ್ಡ್ ಮೆಮೊರಿಗೆ, ಅಂದ್ರೆ ಹಲವು ಪ್ರೊಸೆಸ್‌ಗಳು ಹಂಚಿಕೊಳ್ಳುವ ಮೆಮೊರಿಗೆ, ಬರೆಯುತ್ತಾ ಇರುತ್ತದೆ, ಬೇರೆ ಮೂರು ನಾಲ್ಕು ಪ್ರೊಸೆಸ್‌ಗಳು ಅದನ್ನು ಓದುತ್ತಾ ಇರುತ್ತವೆ. ಪೂರ್ತಿ ಸಿ ಭಾಷೆ. ಲಿನಕ್ಸ್‌ನಲ್ಲಿ ಶಮ್‌ಗೆಟ್, ಶಮ್ಯಾಟ್ ಅನ್ನುವ ಹಳೆಯ ಸಿಸ್ಟಮ್ ವಿ ಕರೆಗಳನ್ನು ಹಾಕಿ ಬರೆದಿದ್ದೇನೆ. ಈಗ ಅದೇ ಕೋಡ್ ಮ್ಯಾಕ್‌ಓಎಸ್ ಮತ್ತು ವಿಂಡೋಸ್‌ನಲ್ಲೂ ನಡೆಯಬೇಕು.

ಎರಡು ಪ್ರಶ್ನೆ. ಮೂರೂ ಕಡೆ ನಡೆಯುವ ಕರೆ ಯಾವುದು? ಇನ್ನೊಂದು, ಅಳತೆಗಳನ್ನು ಲಿಂಕ್ಡ್ ಲಿಸ್ಟ್ ಮಾಡಿ ಇಟ್ಟಿದ್ದೇನೆ. ಬರೆಯುವ ಪ್ರೊಸೆಸ್‌ನಲ್ಲಿ ಇಡೀ ಲಿಸ್ಟ್ ಸರಿಯಾಗಿ ಪ್ರಿಂಟ್ ಆಗುತ್ತದೆ. ಓದುವ ಪ್ರೊಸೆಸ್‌ನಲ್ಲಿ ಮೊದಲ ನೋಡ್ ಸರಿ ಇದೆ, ಎರಡನೆಯದಕ್ಕೆ ಹೋದ ತಕ್ಷಣ ಸೆಗ್‌ಫಾಲ್ಟ್ (ತಪ್ಪು ವಿಳಾಸ ಮುಟ್ಟಿ ಪ್ರೋಗ್ರಾಂ ಸಾಯುವುದು). ಎರಡನ್ನೂ ಜಿಡಿಬಿ (ಡೀಬಗರ್) ಒಳಗೆ ಓಡಿಸಿದರೆ ಏನೂ ಆಗುವುದಿಲ್ಲ!

ನೆಲಸಮ

ಎರಡನೇ ಪ್ರಶ್ನೆ ಮೊದಲು ತಗೊಳ್ತೀನಿ, ಯಾಕಂದ್ರೆ ಅದು ಯಾವ ಕರೆ ಬಳಸಿದರೂ ಬಿಡುವುದಿಲ್ಲ.

ಮೆಮೊರಿ ಒಂದೇ, ಆದರೆ ಅದು ಪ್ರತಿ ಪ್ರೊಸೆಸ್‌ನಲ್ಲೂ ಬೇರೆ ಬೇರೆ ವಿಳಾಸದಲ್ಲಿ ಕೂತಿರುತ್ತದೆ. ಬರೆಯುವವನ ಕಡೆ ಅದು 5000000ದಿಂದ ಶುರುವಾಗಿದೆ ಅಂದುಕೊಳ್ಳಿ, ಎರಡನೇ ನೋಡ್ 5000640ರಲ್ಲಿ ಇದೆ. ನೀವು ಮೊದಲ ನೋಡ್‌ನ ಪಾಯಿಂಟರ್‌ನಲ್ಲಿ 5000640 ಅಂತ ಬರೆದಿದ್ದೀರಿ. ಓದುವವನ ಕಡೆ ಅದೇ ಮೆಮೊರಿ 8000000ದಿಂದ ಶುರು. ಅವನ ಲೆಕ್ಕದಲ್ಲಿ 5000640 ಅನ್ನುವ ವಿಳಾಸದಲ್ಲಿ ಏನೂ ಇಲ್ಲ, ಅಥವಾ ಇನ್ನೇನೋ ಇದೆ. ಏನೂ ಇಲ್ಲದಿದ್ದರೆ ಒಳ್ಳೆಯದು, ಬಿದ್ದು ಹೋಗುತ್ತದೆ. ಇನ್ನೇನೋ ಇದ್ದರೆ ಕಸ ಓದಿಕೊಂಡು ಮುಂದೆ ಹೋಗುತ್ತದೆ, ಅದು ಕೆಟ್ಟದ್ದು. ಪ್ರತಿ ಓಟಕ್ಕೂ ವಿಳಾಸಗಳನ್ನು ಕಲಸಿ ಬೇರೆ ಮಾಡುವುದು ಕರ್ನಲ್‌ನ ಪದ್ಧತಿ, ಜಿಡಿಬಿ ಲಿನಕ್ಸ್‌ನಲ್ಲಿ ಅದನ್ನು ತಾನಾಗಿಯೇ ನಿಲ್ಲಿಸಿಬಿಡುತ್ತದೆ. ಹಾಗಾಗಿ ಎರಡೂ ಕಡೆ ವಿಳಾಸ ಒಂದೇ ಬಂದು ತಪ್ಪು ಮರೆಯಾಗುತ್ತದೆ.

ಪರಿಹಾರ ಹಳೆಯದೇ. ಪಾಯಿಂಟರ್ ಇಡಬೇಡಿ, ಶುರುವಿನಿಂದ ಎಷ್ಟು ದೂರ ಅನ್ನುವ ಆಫ್‌ಸೆಟ್ ಇಡಿ. ಇಲ್ಲಿ 640. ಓದುವವನು ತನ್ನ 8000000ಕ್ಕೆ 640 ಕೂಡಿಸಿಕೊಳ್ಳುತ್ತಾನೆ. ಜಾಗದ ಮೊದಲಲ್ಲಿ ಹೆಡರ್ (ಒಟ್ಟು ವಿವರ ಇಡುವ ಭಾಗ) ಇರುವುದರಿಂದ 0 ಅನ್ನುವ ಆಫ್‌ಸೆಟ್ ಯಾವ ನೋಡ್‌ಗೂ ಬರುವುದಿಲ್ಲ, ಅದನ್ನೇ ನಲ್ ಅಂತ ಇಟ್ಟುಕೊಳ್ಳಬಹುದು. ಕೂಡಿಸುವ ಮೊದಲು ಆಫ್‌ಸೆಟ್ ಒಟ್ಟು ಗಾತ್ರದ ಒಳಗೇ ಇದೆಯಾ ಅಂತ ಪ್ರತಿ ಸಲ ನೋಡಿ. ಎಂಮ್ಯಾಪ್‌ಗೆ (ಮೆಮೊರಿಯನ್ನು ಪ್ರೊಸೆಸ್‌ನ ವಿಳಾಸಗಳಿಗೆ ತರುವ ಕರೆ) ಮ್ಯಾಪ್ ಫಿಕ್ಸ್‌ಡ್ ಹಾಕಿ ಎಲ್ಲರೂ ಒಂದೇ ವಿಳಾಸಕ್ಕೆ ತನ್ನಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಆ ಜಾಗದಲ್ಲಿ ಮೊದಲೇ ಇರುವ ಮ್ಯಾಪಿಂಗ್ ಅನ್ನು ಅದು ಸದ್ದಿಲ್ಲದೆ ಅಳಿಸಿ ಕೂರುತ್ತದೆ.

ಫಂಕ್ಷನ್ ಪಾಯಿಂಟರ್, ಫೈಲ್ ಪಾಯಿಂಟರ್, ಮ್ಯಾಲಕ್‌ನಿಂದ ಬಂದ ಸ್ಟ್ರಿಂಗ್, ಇವು ಯಾವುವೂ ಒಳಗೆ ಹೋಗಬಾರದು. ನನ್ನ ಕೇಳಿದರೆ ಲಿಸ್ಟೇ ಬೇಡ. ಅಳತೆಗಳು ಅಂದ್ರೆ ಒಂದೇ ಗಾತ್ರದ ದಾಖಲೆಗಳು ಅಲ್ವಾ? ಸುಮ್ನೆ ಒಂದು ಅರೇ, ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಂದ ಬರೆಯುವ ಸುತ್ತು ಬಫರ್ ಮಾಡಿ, ಸಾಕು.

ಹಳೇಯುನಿಕ್ಸ್

ಮೊದಲ ಪ್ರಶ್ನೆಗೆ ನೇರ ಉತ್ತರ: ಅಂಥ ಕರೆ ಇಲ್ಲ. ಸಿ ಸ್ಟ್ಯಾಂಡರ್ಡ್‌ಗೆ ಇನ್ನೊಂದು ಪ್ರೊಸೆಸ್‌ನ ಮೆಮೊರಿ ಅನ್ನುವುದೇ ಗೊತ್ತಿಲ್ಲ. ಸಿ11ರಲ್ಲಿ ಥ್ರೆಡ್ ಬಂತು, ಅಟಾಮಿಕ್ (ನಡುವೆ ತುಂಡಾಗದ ಓದು ಬರಹ) ಬಂತು, ಶೇರ್ಡ್ ಮೆಮೊರಿ ಬರಲಿಲ್ಲ. ಹಾಗಾಗಿ ಪೋರ್ಟಬಲ್ ಅಂದ್ರೆ ನೀವೇ ಒಂದು ತೆಳುವಾದ ಪದರ ಬರೆದು, ಒಳಗೆ ಒಂದು ಕಡೆ ಪಾಸಿಕ್ಸ್ (ಲಿನಕ್ಸ್, ಮ್ಯಾಕ್ ಎರಡೂ ಪಾಲಿಸುವ ಯುನಿಕ್ಸ್ ಮಾನದಂಡ), ಇನ್ನೊಂದು ಕಡೆ ವಿಂಡೋಸ್ ಇಡುವುದು. ಹೊಸದಾಗಿ ಮಾಡು, ಇರುವುದಕ್ಕೆ ಸೇರಿಕೋ, ಬಿಡು, ಹೆಸರು ಅಳಿಸು, ಈ ನಾಲ್ಕು ಫಂಕ್ಷನ್ ಸಾಕು.

ಯುನಿಕ್ಸ್ ಕಡೆಗೆ ಶಮ್‌ಗೆಟ್ ಬಿಡಿ ಅಂತಲೇ ಹೇಳ್ತೀನಿ. ಶೇರ್ಡ್ ಮೆಮೊರಿ ತುಣುಕನ್ನು ಗುರುತಿಸುವ ಕೀಗೆ ಎಫ್‌ಟೋಕ್ ಬಳಸಿದ್ದೀರಿ ಅಂದುಕೊಳ್ತೀನಿ. ಅದು ಫೈಲ್‌ನ ಐನೋಡ್ ಮತ್ತು ಡಿವೈಸ್ ನಂಬರಿನ ಕೆಲವೇ ಬಿಟ್‌ಗಳನ್ನು ತೆಗೆದು ಕೀ ಮಾಡುತ್ತದೆ, ಎರಡು ಬೇರೆ ಫೈಲಿಗೆ ಒಂದೇ ಕೀ ಬರಬಹುದು. ಮ್ಯಾಕ್‌ನಲ್ಲಿ ಈ ಜಾತಿಯ ತುಣುಕಿಗೆ ಡೀಫಾಲ್ಟ್ ಮಿತಿ 4 ಎಂಬಿ. ಪ್ರೊಸೆಸ್ ಸತ್ತರೂ ತುಣುಕು ಉಳಿಯುತ್ತದೆ, ಐಪಿಸಿಎಸ್ ಹೊಡೆದು ಹುಡುಕಿ ಐಪಿಸಿಆರ್‌ಎಂ ಹಾಕಿ ತೆಗೆಯಬೇಕು.

ಪಾಸಿಕ್ಸ್ ದಾರಿ ಹೀಗಿದೆ: ಶಮ್_ಓಪನ್ ಮಾಡಿ ಡಿಸ್ಕ್ರಿಪ್ಟರ್ ಪಡೆಯಿರಿ, ಎಫ್‌ಟ್ರಂಕೇಟ್ ಹಾಕಿ ಗಾತ್ರ ಕೊಡಿ, ಎಂಮ್ಯಾಪ್‌ನಲ್ಲಿ ಮ್ಯಾಪ್ ಶೇರ್ಡ್ ಹಾಕಿ ತಂದುಕೊಳ್ಳಿ, ಆಮೇಲೆ ಡಿಸ್ಕ್ರಿಪ್ಟರ್ ಮುಚ್ಚಿದರೂ ನಡೆಯುತ್ತದೆ. ಹೆಸರು ಒಂದು ಸ್ಲ್ಯಾಶ್‌ನಿಂದ ಶುರುವಾಗಲಿ, ನಡುವೆ ಇನ್ನೊಂದು ಸ್ಲ್ಯಾಶ್ ಬೇಡ. ಮ್ಯಾಕ್‌ನಲ್ಲಿ ಹೆಸರು 31 ಅಕ್ಷರ ದಾಟಬಾರದು, ಮತ್ತೆ ಎಫ್‌ಟ್ರಂಕೇಟ್ ಅಲ್ಲಿ ಒಂದೇ ಸಲ ಕೆಲಸ ಮಾಡುತ್ತದೆ, ಎರಡನೇ ಸಲ ಗಾತ್ರ ಬದಲಿಸಲು ಹೋದರೆ ಎರರ್ ಬರುತ್ತದೆ. ಬೆಳೆಯುವ ಮೆಮೊರಿ ಅನ್ನುವ ಆಸೆ ಅಲ್ಲಿಗೆ ಬಿಡಿ, ಮೊದಲೇ ಗರಿಷ್ಠ ಗಾತ್ರ ಲೆಕ್ಕ ಹಾಕಿ.

ಶಮ್‌ಗೆಟ್ ಪೂರ್ತಿ ನಿರುಪಯೋಗಿ ಅಂತ ಅಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ 2013ರ 9.3 ಆವೃತ್ತಿಯಲ್ಲಿ ತನ್ನ ದೊಡ್ಡ ಮೆಮೊರಿಯನ್ನು ಎಂಮ್ಯಾಪ್‌ಗೆ ಸಾಗಿಸಿತು. ಆದರೂ ಒಂದು ಪುಟ್ಟ ಸಿಸ್ಟಮ್ ವಿ ತುಣುಕನ್ನು ಇಟ್ಟುಕೊಂಡಿತು. ಎಷ್ಟು ಪ್ರೊಸೆಸ್ ಅಂಟಿಕೊಂಡಿವೆ ಅನ್ನುವ ಎಣಿಕೆಯನ್ನು ಕರ್ನಲ್ ಅದರಲ್ಲಿ ಇಡುತ್ತದೆ. ಅದೇ ಡೇಟಾ ಡೈರೆಕ್ಟರಿ ಮೇಲೆ ಹಳೆಯ ಪ್ರೊಸೆಸ್ ಇನ್ನೂ ಬದುಕಿದೆಯಾ ಅಂತ ಅದರಿಂದ ಗೊತ್ತಾಗುತ್ತದೆ. ಶಮ್_ಓಪನ್‌ನಲ್ಲಿ ಆ ಎಣಿಕೆ ಸಿಗುವುದಿಲ್ಲ.

ಕಿಟಕಿಬಾಗಿಲು

ವಿಂಡೋಸ್ ಕಡೆ ನಾನು ಹೇಳ್ತೀನಿ. ಕ್ರಿಯೇಟ್‌ಫೈಲ್‌ಮ್ಯಾಪಿಂಗ್‌ಗೆ ಫೈಲ್ ಬದಲು ಇನ್‌ವ್ಯಾಲಿಡ್ ಹ್ಯಾಂಡಲ್ ವ್ಯಾಲ್ಯೂ ಕೊಟ್ಟರೆ ಪೇಜ್‌ಫೈಲ್‌ನ ಆಸರೆ ಇರುವ ಮೆಮೊರಿ ಸಿಗುತ್ತದೆ, ಮ್ಯಾಪ್‌ವ್ಯೂಆಫ್‌ಫೈಲ್ ಅದನ್ನು ನಿಮ್ಮ ಪ್ರೊಸೆಸ್‌ಗೆ ತರುತ್ತದೆ. ಹೆಸರಿನ ಮುಂದೆ ಲೋಕಲ್ ಅಂತ ಇದ್ದರೆ ಆ ಸೆಷನ್‌ಗೆ ಮಾತ್ರ. ಗ್ಲೋಬಲ್ ಅಂತ ಇದ್ದರೆ ಎಲ್ಲ ಸೆಷನ್‌ಗೂ, ಆದರೆ ಅದನ್ನು ಹುಟ್ಟಿಸಲು ಬೇರೆ ಪ್ರಿವಿಲೇಜ್ ಬೇಕು. ಬರೆಯುವವನು ಸರ್ವಿಸ್ ಆಗಿ ಓಡಿ, ಓದುವವನು ಸಾಮಾನ್ಯ ಯೂಸರ್ ಆಗಿ ಓಡಿದರೆ ಇದು ಮೊದಲ ದಿನವೇ ಎದುರಾಗುತ್ತದೆ.

ನಾಲ್ಕು ಫಂಕ್ಷನ್ ಸಾಕು ಅಂದದ್ದು ಸರಿ, ಆದರೆ ನಾಲ್ಕನೆಯದು, ಹೆಸರು ಅಳಿಸುವುದು, ವಿಂಡೋಸ್‌ನಲ್ಲಿ ಇಲ್ಲವೇ ಇಲ್ಲ. ಎರಡು ಲೋಕದ ನಿಜವಾದ ವ್ಯತ್ಯಾಸ ಇರುವುದು ಇಲ್ಲೇ, ಕರೆಗಳ ಹೆಸರಿನಲ್ಲಿ ಅಲ್ಲ. ಪಾಸಿಕ್ಸ್‌ನಲ್ಲಿ ಯಾರೂ ಇಲ್ಲದಿದ್ದರೂ ವಸ್ತು ಉಳಿಯುತ್ತದೆ, ಶಮ್_ಅನ್‌ಲಿಂಕ್ ಮಾಡುವವರೆಗೆ ಅಥವಾ ಮೆಷಿನ್ ಮತ್ತೆ ಶುರುವಾಗುವವರೆಗೆ. ವಿಂಡೋಸ್‌ನಲ್ಲಿ ಕೊನೆಯವನು ಕೈ ಬಿಟ್ಟ ಕ್ಷಣ ಹೋಯಿತು. ಬರೆಯುವವನು ಸತ್ತು ಮತ್ತೆ ಎದ್ದಾಗ ಲಿನಕ್ಸ್‌ನಲ್ಲಿ ಹಳೆಯ ಡೇಟಾ ಸಿಗುತ್ತದೆ, ವಿಂಡೋಸ್‌ನಲ್ಲಿ ಓದುವವರು ಯಾರೂ ಇಲ್ಲದಿದ್ದರೆ ಸೊನ್ನೆ ತುಂಬಿದ ಹೊಸ ಮೆಮೊರಿ ಸಿಗುತ್ತದೆ, ಒಬ್ಬ ಓದುಗ ಹಿಡಿದುಕೊಂಡಿದ್ದರೂ ಹಳೆಯದೇ ಸಿಗುತ್ತದೆ ಮತ್ತು ನೀವು ಕೇಳಿದ ಹೊಸ ಗಾತ್ರವನ್ನು ಅದು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಕರೆ ಗೆದ್ದಂತೆಯೇ ಕಾಣುತ್ತದೆ, ಗೆಟ್‌ಲಾಸ್ಟ್‌ಎರರ್‌ನಲ್ಲಿ ಎರರ್ ಆಲ್‌ರೆಡಿ ಎಕ್ಸಿಸ್ಟ್ಸ್ ಇದೆಯಾ ಅಂತ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಬೈಟುಗಾರ

ತುಂಬಾ ಧನ್ಯವಾದ. ಆಫ್‌ಸೆಟ್‌ಗೆ ಬದಲಿಸಿದೆ, ಸೆಗ್‌ಫಾಲ್ಟ್ ನಿಂತಿತು. ಹಾಗಾದರೆ ಬರೆಯುವವನು ಬಿದ್ದು ಎದ್ದಾಗ ಏನು ಮಾಡಬೇಕು? ಹಳೆಯದನ್ನು ನಂಬಬೇಕಾ?

ನೆಲಸಮ

ನಂಬಬೇಡಿ. ಪ್ರತಿ ಸಲ ಹೊಸದು ಮಾಡಿ, ಹೆಸರಿನಲ್ಲೇ ಒಂದು ಸರಣಿ ಸಂಖ್ಯೆ ಸೇರಿಸಿ. ಅಳತೆ_17 ಆದಮೇಲೆ ಅಳತೆ_18. ಈಗಿನ ಸಂಖ್ಯೆ ಎಷ್ಟು ಅನ್ನುವುದನ್ನು ಒಂದು ಚಿಕ್ಕ ಫೈಲ್‌ನಲ್ಲಿ ಬರೆಯಿರಿ. ಬರೆಯುವವನು ಆ ಫೈಲ್‌ಗೆ ಲಾಕ್ ಹಾಕಿಕೊಂಡೇ ಬದುಕಿರಲಿ, ಪ್ರೊಸೆಸ್ ಹೇಗೆ ಸತ್ತರೂ ಕರ್ನಲ್ ಆ ಲಾಕ್ ಬಿಡಿಸುತ್ತದೆ. ಆದ್ದರಿಂದ ಇಬ್ಬರು ಬರೆಯುವವರು ಒಟ್ಟಿಗೆ ಏಳುವ ಭಯವೂ ಹೋಯಿತು. ಲಾಕ್ ಫೈಲ್ ಬೇರೆ, ಸಂಖ್ಯೆಯ ಫೈಲ್ ಬೇರೆ ಇಟ್ಟರೆ ಇನ್ನೂ ಒಳ್ಳೆಯದು. ವಿಂಡೋಸ್‌ನಲ್ಲಿ ಲಾಕ್ ಆದ ಭಾಗವನ್ನು ಬೇರೆಯವರು ಓದುವುದಕ್ಕೂ ಬಿಡುವುದಿಲ್ಲ. ಪಾಸಿಕ್ಸ್‌ನ ಎಫ್‌ಸಿಎನ್‌ಟಿಎಲ್ ಲಾಕ್‌ಗೆ ಇನ್ನೊಂದು ಕೆಟ್ಟ ಗುಣ ಇದೆ: ಅದೇ ಪ್ರೊಸೆಸ್ ಆ ಫೈಲನ್ನು ಬೇರೆಲ್ಲೋ ಇನ್ನೊಮ್ಮೆ ತೆರೆದು ಮುಚ್ಚಿದರೆ ಸಾಕು, ಲಾಕ್ ಪೂರ್ತಿ ಹೋಗುತ್ತದೆ.

ಹೊಸ ಬರಹಗಾರ ಏಳುವಾಗ ಹಳೆಯ ತುಣುಕನ್ನು ತೆರೆದು, ಹೆಡರ್‌ನಲ್ಲಿ "ಇದು ಮುಗಿಯಿತು" ಅನ್ನುವ ಗುರುತು ಹಾಕಿ, ಪಾಸಿಕ್ಸ್ ಆದರೆ ಹೆಸರನ್ನೂ ಅಳಿಸಲಿ. ಹೆಸರು ಅಳಿಸಿದರೂ ಮೊದಲೇ ಮ್ಯಾಪ್ ಮಾಡಿಕೊಂಡವರಿಗೆ ಏನೂ ಆಗುವುದಿಲ್ಲ, ಆದ್ದರಿಂದಲೇ ಗುರುತು ಬೇಕು. ಇಲ್ಲದಿದ್ದರೆ ಹಳೆಯ ಓದುಗರು ಸತ್ತ ಡೇಟಾ ನೋಡಿಕೊಂಡು ಎಲ್ಲ ಸರಿ ಇದೆ ಅಂತ ಕೂತಿರುತ್ತಾರೆ.

ಇನ್ನೊಂದು ಸಂದಿ ಇದೆ. ಶಮ್_ಓಪನ್ ಆದಮೇಲೆ, ಎಫ್‌ಟ್ರಂಕೇಟ್ ಆಗುವ ಮೊದಲು, ಗಾತ್ರ 0. ಆ ನಡುವೆ ಓದುಗ ಬಂದು ಮ್ಯಾಪ್ ಮಾಡಿ ಮುಟ್ಟಿದರೆ ಸಿಗ್‌ಬಸ್, ಅಂದ್ರೆ ಹಿಂದೆ ಜಾಗವಿಲ್ಲದ ಮೆಮೊರಿ ಮುಟ್ಟಿದ್ದಕ್ಕೆ ಕರ್ನಲ್ ಪ್ರೊಸೆಸ್ ಕೊಲ್ಲುವ ಸಿಗ್ನಲ್. ಸಂಖ್ಯೆಯ ಫೈಲನ್ನು ಎಲ್ಲ ಸಿದ್ಧವಾದ ಮೇಲೆ ಕೊನೆಯಲ್ಲಿ ಬರೆದರೆ ಈ ಸಂದಿಯೂ ಮುಚ್ಚುತ್ತದೆ.

ಪೆಟ್ಟಿಗೆಯೊಳಗೆ

ಸಿಗ್‌ಬಸ್ ಮಾತು ಬಂದದ್ದಕ್ಕೆ ಹೇಳ್ತೀನಿ, ಕಂಟೈನರ್‌ನಲ್ಲಿ ಓಡಿಸುವವರು ಇದನ್ನು ಓದಲೇಬೇಕು. ಲಿನಕ್ಸ್‌ನಲ್ಲಿ ಶಮ್_ಓಪನ್ ವಸ್ತುಗಳು ಡೆವ್ ಶಮ್ ಅನ್ನುವ ಟಿಎಂಪಿಎಫ್‌ಎಸ್ (ಮೆಮೊರಿಯಲ್ಲೇ ಇರುವ ಫೈಲ್‌ಸಿಸ್ಟಮ್) ಒಳಗೆ ಇರುತ್ತವೆ. ಡಾಕರ್‌ನಲ್ಲಿ ಅದರ ಡೀಫಾಲ್ಟ್ ಗಾತ್ರ 64 ಎಂಬಿ. ನೀವು ಎಫ್‌ಟ್ರಂಕೇಟ್‌ನಲ್ಲಿ 200 ಎಂಬಿ ಕೇಳಿ, ಅದು ಸರಿ ಅನ್ನುತ್ತದೆ. ಎಂಮ್ಯಾಪ್ ಕೂಡ ಸರಿ ಅನ್ನುತ್ತದೆ. ಬರೆಯುತ್ತಾ ಹೋಗಿ 64 ಎಂಬಿ ತುಂಬಿದ ಕೂಡಲೇ, ಯಾವುದೋ ಒಂದು ಸಾದಾ ಅಸೈನ್‌ಮೆಂಟ್ ಸಾಲಿನಲ್ಲಿ, ಪ್ರೊಸೆಸ್ ಸಿಗ್‌ಬಸ್ ತಿಂದು ಸಾಯುತ್ತದೆ. ಲಾಗ್‌ನಲ್ಲಿ ಒಂದು ಎರರ್ ಕೂಡ ಇರುವುದಿಲ್ಲ, ಯಾಕಂದ್ರೆ ಯಾವ ಕರೆಯೂ ಸೋತಿಲ್ಲ.

ಲಿನಕ್ಸ್‌ನಲ್ಲಿ ಎಫ್‌ಟ್ರಂಕೇಟ್ ಆದಮೇಲೆ ಪಾಸಿಕ್ಸ್_ಎಫ್‌ಅಲೋಕೇಟ್ ಹಾಕಿ. ಜಾಗ ಇಲ್ಲದಿದ್ದರೆ ಅಲ್ಲೇ ಹೇಳುತ್ತದೆ. ಅದು ಎರರ್ನೋದಲ್ಲಿ ಹಾಕುವುದಿಲ್ಲ, ಎರರ್ ಸಂಖ್ಯೆಯನ್ನೇ ವಾಪಸ್ ಕೊಡುತ್ತದೆ, ಗಮನಿಸಿ. ಮ್ಯಾಕ್‌ನಲ್ಲಿ ಈ ಕರೆ ಇಲ್ಲ, ಅಲ್ಲಿಗೆ ಇಫ್‌ಡೆಫ್ ಬೇಕು.

ಜೊತೆಗೆ ಸಿಸ್ಟಮ್‌ಡಿ ಇರುವ ಮೆಷಿನ್‌ಗಳಲ್ಲಿ ರಿಮೂವ್ಐಪಿಸಿ ಅನ್ನುವ ಸೆಟ್ಟಿಂಗ್ ಇದೆ. ಅದು ಆನ್ ಇದ್ದರೆ, ಸಾಮಾನ್ಯ ಯೂಸರ್‌ನ ಕೊನೆಯ ಸೆಷನ್ ಮುಗಿದ ಮೇಲೆ ಅವನ ಶೇರ್ಡ್ ಮೆಮೊರಿಯನ್ನು ಗುಡಿಸಿ ಹಾಕುತ್ತದೆ. ಪ್ರೋಗ್ರಾಂ ಹಿನ್ನೆಲೆಯಲ್ಲಿ ಓಡುತ್ತಾ ಇದೆ, ನೀವು ಲಾಗ್ಔಟ್ ಆದಿರಿ, ಹೆಸರು ಮಾಯ. ಸಿಸ್ಟಮ್ ಯೂಸರ್ ಆಗಿ ಓಡಿಸಿದರೆ ಈ ತೊಂದರೆ ಇಲ್ಲ.

ಬೈಟುಗಾರ

ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಈಗ ಲಾಕ್ ಬಗ್ಗೆ. ಸದ್ಯ ಎಲ್ಲ ಫೀಲ್ಡ್‌ಗೂ ವೊಲಟೈಲ್ ಹಾಕಿದ್ದೇನೆ, ಅದು ಸಾಕಾಗುತ್ತದಾ? ಇಲ್ಲ ಪಿಥ್ರೆಡ್ ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದಾದ ಲಾಕ್) ಅನ್ನು ಶೇರ್ಡ್ ಮೆಮೊರಿ ಒಳಗೇ ಇಡಬೇಕಾ?

ಹಳೇಯುನಿಕ್ಸ್

ವೊಲಟೈಲ್ ಸಾಕಾಗುವುದಿಲ್ಲ. ಅದು ಕಂಪೈಲರ್‌ಗೆ "ಈ ಓದನ್ನು ಬಿಡಬೇಡ" ಅನ್ನುತ್ತದೆ, ಅಷ್ಟೇ. ಬೇರೆ ಕೋರ್‌ನಲ್ಲಿ ಇರುವವನಿಗೆ ನಿಮ್ಮ ಬರಹಗಳು ಯಾವ ಕ್ರಮದಲ್ಲಿ ಕಾಣಬೇಕು ಅನ್ನುವುದು ಅದರ ಕೆಲಸ ಅಲ್ಲ. ಇಂಟೆಲ್ ಮೆಷಿನ್‌ನಲ್ಲಿ ಸರಿ ಇದ್ದಂತೆ ಕಂಡು ಆರ್ಮ್‌ನಲ್ಲಿ ಕೈಕೊಡುತ್ತದೆ.

ಮ್ಯೂಟೆಕ್ಸ್ ಇಡಬಹುದು. ಪ್ರೊಸೆಸ್ ಶೇರ್ಡ್ ಗುಣ ಕೊಡಲೇಬೇಕು, ಡೀಫಾಲ್ಟ್ ಆಗಿ ಅದು ಒಂದೇ ಪ್ರೊಸೆಸ್‌ಗೆ. ಲಾಕ್ ಹಿಡಿದವನು ಸತ್ತರೆ ಉಳಿದವರು ಕಾಯುತ್ತಲೇ ಇರುತ್ತಾರೆ. ಅದಕ್ಕೆ ರೋಬಸ್ಟ್ ಮ್ಯೂಟೆಕ್ಸ್ ಇದೆ: ಮುಂದಿನವನು ಲಾಕ್ ಕೇಳಿದಾಗ ಈಓನರ್‌ಡೆಡ್ ಬರುತ್ತದೆ, ಅವನು ಡೇಟಾ ಸರಿಪಡಿಸಿ ಪಿಥ್ರೆಡ್_ಮ್ಯೂಟೆಕ್ಸ್_ಕನ್ಸಿಸ್ಟೆಂಟ್ ಕರೆಯಬೇಕು. ಕರೆಯದೆ ಅನ್‌ಲಾಕ್ ಮಾಡಿದರೆ ಆ ಮ್ಯೂಟೆಕ್ಸ್ ಇನ್ನು ಯಾರಿಗೂ ಸಿಗುವುದಿಲ್ಲ. ಆದರೆ ಮ್ಯಾಕ್‌ನಲ್ಲಿ ರೋಬಸ್ಟ್ ಇಲ್ಲ. ಹೆಸರಿಲ್ಲದ ಸೆಮಾಫೋರ್ ಮಾಡುವ ಸೆಮ್_ಇನಿಟ್ ಕೂಡ ಅಲ್ಲಿ ಕೆಲಸ ಮಾಡುವುದಿಲ್ಲ, ಸೆಮ್_ಓಪನ್ ಮಾತ್ರ.

ಕಿಟಕಿಬಾಗಿಲು

ವಿಂಡೋಸ್‌ನಲ್ಲಿ ಕ್ರಿಟಿಕಲ್ ಸೆಕ್ಷನ್ ಆಗಲಿ, ಎಸ್‌ಆರ್‌ಡಬ್ಲ್ಯೂ ಲಾಕ್ ಆಗಲಿ ಪ್ರೊಸೆಸ್ ದಾಟುವುದಿಲ್ಲ. ಹೆಸರಿರುವ ಮ್ಯೂಟೆಕ್ಸ್ ಬಳಸಿ. ಹಿಡಿದವನು ಸತ್ತರೆ ಕಾಯುವವನಿಗೆ ವೇಟ್ ಅಬ್ಯಾಂಡನ್ಡ್ ಬರುತ್ತದೆ. ಲಾಕ್ ನಿಮ್ಮ ಕೈಗೆ ಬಂದಿದೆ, ಡೇಟಾ ಅರ್ಧ ಬರೆದಿರಬಹುದು ಅಂತ ಅದರ ಅರ್ಥ. ತುಂಬಾ ಜನ ಅದನ್ನು ಎರರ್ ಅಂದುಕೊಂಡು ಹಾಗೇ ವಾಪಸ್ ಹೋಗುತ್ತಾರೆ, ಲಾಕ್ ಅವರ ಕೈಯಲ್ಲೇ ಉಳಿಯುತ್ತದೆ.

ನೆಲಸಮ

ಇಬ್ಬರೂ ಹೇಳಿದ್ದು ನಿಜ, ಆದರೆ ನಿಮ್ಮ ಕೆಲಸಕ್ಕೆ ಲಾಕ್ ಬೇಕಾ ಅಂತ ಮೊದಲು ನೋಡಿ. ಬರೆಯುವವನು ಒಬ್ಬನೇ. ಓದುವವರು ಸತ್ತರೆ ಅವನಿಗೆ ತೊಂದರೆ ಆಗಲೇಬಾರದು. ಹಾಗಿದ್ದಾಗ ಓದುವವರ ಕೈಗೆ ಲಾಕ್ ಯಾಕೆ ಕೊಡಬೇಕು? ಅವರಿಗೆ ಓದುವ ಹಕ್ಕು ಮಾತ್ರ ಇರುವ ಮ್ಯಾಪಿಂಗ್ ಕೊಡಿ, ಆಗ ಅವರು ಏನನ್ನೂ ಕೆಡಿಸಲು ಆಗುವುದಿಲ್ಲ.

ಪ್ರತಿ ದಾಖಲೆಗೆ ಒಂದು 32 ಬಿಟ್ ಅಟಾಮಿಕ್ ಸಂಖ್ಯೆ ಇಡಿ. ಬರೆಯುವವನು ಶುರು ಮಾಡುವಾಗ ಅದನ್ನು ಬೆಸ ಮಾಡುತ್ತಾನೆ, ಮುಗಿದ ಮೇಲೆ ಸಮ ಮಾಡುತ್ತಾನೆ. ಓದುವವನು ಸಂಖ್ಯೆ ನೋಡಿ, ದಾಖಲೆಯನ್ನು ತನ್ನ ಸ್ವಂತ ಜಾಗಕ್ಕೆ ನಕಲು ಮಾಡಿ, ಮತ್ತೆ ಸಂಖ್ಯೆ ನೋಡುತ್ತಾನೆ. ಎರಡು ಸಲವೂ ಒಂದೇ ಸಮ ಸಂಖ್ಯೆ ಇದ್ದರೆ ನಕಲು ಸರಿ, ಇಲ್ಲದಿದ್ದರೆ ಇನ್ನೊಮ್ಮೆ. ಇದಕ್ಕೆ ಸೀಕ್‌ಲಾಕ್ ಅಂತಾರೆ. ಒಳಗಿನ ಡೇಟಾವನ್ನೂ ರಿಲ್ಯಾಕ್ಸ್ಡ್ ಅಟಾಮಿಕ್ ಆಗಿ ಓದಿ ಬರೆಯಿರಿ, ಬೇಕಾದ ಕಡೆ ಕ್ರಮ ಕಾಯುವ ಅಕ್ವೈರ್, ರಿಲೀಸ್ ಫೆನ್ಸ್ ಹಾಕಿ, ಇಲ್ಲದಿದ್ದರೆ ಸಿ11ರ ನಿಯಮದ ಪ್ರಕಾರ ಅದು ಡೇಟಾ ರೇಸ್ (ಕಾವಲಿಲ್ಲದೆ ಒಟ್ಟಿಗೆ ಓದಿ ಬರೆಯುವ ತಪ್ಪು). ಬರೆಯುವವನು ನಡುವೆ ಸತ್ತರೆ ಸಂಖ್ಯೆ ಬೆಸವಾಗಿಯೇ ಉಳಿಯುತ್ತದೆ, ಆದ್ದರಿಂದ ಓದುಗ ಇಷ್ಟು ಸಲ ನೋಡಿ ಬಿಟ್ಟುಬಿಡುವ ಹಾಗೆ ಮಿತಿ ಇಡಿ.

ಅಟಾಮಿಕ್ ಬಗ್ಗೆ ಒಂದು ಎಚ್ಚರಿಕೆ. ಲಾಕ್ ಫ್ರೀ ಆಗಿರುವುದನ್ನೇ ಬಳಸಿ. ಲಾಕ್ ಫ್ರೀ ಅಲ್ಲದ ಅಟಾಮಿಕ್‌ಗೆ ಲೈಬ್ರರಿ ಒಳಗೇ ಒಂದು ಲಾಕ್ ಹಿಡಿಯುತ್ತದೆ, ಆ ಲಾಕ್ ಆಯಾ ಪ್ರೊಸೆಸ್‌ನ ಸ್ವಂತ ಮೆಮೊರಿಯಲ್ಲಿ ಇರುತ್ತದೆ. ಇನ್ನೊಂದು ಪ್ರೊಸೆಸ್‌ಗೆ ಅದರ ಸುಳಿವೇ ಇಲ್ಲ. ಅಟಾಮಿಕ್_ಇಂಟ್_ಲಾಕ್_ಫ್ರೀ 2 ಇದೆಯಾ ಅಂತ ಕಂಪೈಲ್ ಆಗುವಾಗಲೇ ಪರೀಕ್ಷಿಸಿ. ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಸಿ11 ಅಟಾಮಿಕ್ ವಿಷುಯಲ್ ಸ್ಟುಡಿಯೋ 2022ರ 17.5ರಲ್ಲಿ ಪ್ರಾಯೋಗಿಕವಾಗಿ ಬಂತು. ಅದಕ್ಕಿಂತ ಹಳೆಯದಾದರೆ ಇಂಟರ್‌ಲಾಕ್ಡ್ ಕರೆಗಳೇ ಗತಿ.

ಸರಳಪೈಪು

ಒಂದು ಭಿನ್ನ ಅಭಿಪ್ರಾಯ. ಮೂರು ನಾಲ್ಕು ಓದುಗರು, ಅಳತೆಗಳು, ಇಷ್ಟಕ್ಕೆ ಶೇರ್ಡ್ ಮೆಮೊರಿ ಬೇಕಾ? ಸಾಕೆಟ್‌ನಲ್ಲಿ ಕಳಿಸಿದರೆ ಯಾರು ಸತ್ತರೂ ಇನ್ನೊಬ್ಬರಿಗೆ ಕೂಡಲೇ ಗೊತ್ತಾಗುತ್ತದೆ, ಕ್ರಮ ತಪ್ಪುವುದಿಲ್ಲ, ಗುಡಿಸುವುದು ಏನೂ ಇಲ್ಲ. ಸೆಕೆಂಡಿಗೆ ಕೆಲವು ಸಾವಿರ ಚಿಕ್ಕ ದಾಖಲೆ ಆದರೆ ವೇಗದಲ್ಲಿ ನಿಮಗೆ ವ್ಯತ್ಯಾಸವೇ ಕಾಣುವುದಿಲ್ಲ. ದೊಡ್ಡ ಚಿತ್ರಗಳು, ಆಡಿಯೋ ಬಫರ್, ಇಂಥವಕ್ಕೆ ಶೇರ್ಡ್ ಮೆಮೊರಿ ಸರಿ.

ಬೈಟುಗಾರ

ಪ್ರತಿ ಅಳತೆ ಅಂದ್ರೆ 2 ಎಂಬಿ ಅಷ್ಟು ಬರುತ್ತದೆ ಸರ್, ಸೆಕೆಂಡಿಗೆ ಸುಮಾರು 50. ಎಲ್ಲ ಓದುಗರಿಗೂ ನಕಲು ಕಳಿಸಿದರೆ ಜಾಸ್ತಿ ಆಗುತ್ತದೆ.

ಸರಳಪೈಪು

ಸರಿ, ಹಾಗಾದರೆ ಮೆಮೊರಿಯೇ ಒಳ್ಳೆಯದು. ಆದರೂ "ಹೊಸದು ಬಂತು" ಅನ್ನುವ ಸುದ್ದಿಯನ್ನು ಸಾಕೆಟ್‌ನಲ್ಲಿ ಕಳಿಸಿ, ಡೇಟಾ ಮಾತ್ರ ಮೆಮೊರಿಯಲ್ಲಿ ಇರಲಿ. ಆಗ ಓದುಗ ಸುಮ್ನೆ ಸುತ್ತುತ್ತಾ ಸಿಪಿಯು ತಿನ್ನುವುದಿಲ್ಲ. ಬರೆಯುವವನು ಸತ್ತರೆ ಸಾಕೆಟ್ ಮುಚ್ಚಿಕೊಳ್ಳುತ್ತದೆ, ಅದೇ ಸಾವಿನ ಸುದ್ದಿ.

ನೆಲಸಮ

ಇದು ನಿಜಕ್ಕೂ ಒಳ್ಳೆಯ ಜೋಡಿ. 2 ಎಂಬಿ ಅಂದ್ರೆ ಓದುಗ ನಕಲು ಮಾಡುವಷ್ಟರಲ್ಲಿ ಬರೆಯುವವನು ಒಂದು ಸುತ್ತು ಬಂದುಬಿಡಬಾರದು. ಸುತ್ತು ಬಫರ್‌ನಲ್ಲಿ 16 ಜಾಗ ಇಟ್ಟರೆ ಓದುಗನಿಗೆ ಸುಮಾರು 300 ಮಿಲಿಸೆಕೆಂಡ್ ಸಿಗುತ್ತದೆ. ಒಟ್ಟು 32 ಎಂಬಿ, ಡಾಕರ್‌ನ 64ರ ಒಳಗೇ ಆಯಿತು.

ಅಳತೆಗೋಲು

ಎಲ್ಲರೂ ಬಿಟ್ಟ ಒಂದು ವಿಷಯ, ಸ್ಟ್ರಕ್ಟ್‌ನ ಆಕಾರ. ವಿಂಡೋಸ್ 64 ಬಿಟ್‌ನಲ್ಲಿ ಲಾಂಗ್ 4 ಬೈಟ್, ಲಿನಕ್ಸ್ 64 ಬಿಟ್‌ನಲ್ಲಿ 8 ಬೈಟ್. ಒಂದೇ ಮೆಷಿನ್‌ನಲ್ಲಿ ಓಡುವುದು ತಾನೇ ಅಂತ ಬಿಡಬೇಡಿ, 32 ಬಿಟ್ ಓದುಗ ಮತ್ತು 64 ಬಿಟ್ ಬರಹಗಾರ ಒಂದೇ ಮೆಷಿನ್‌ನಲ್ಲಿ ಇರಬಹುದು. 32 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಸ್ಟ್ರಕ್ಟ್ ಒಳಗಿನ 64 ಬಿಟ್ ಪೂರ್ಣಾಂಕ 4ರ ಗಡಿಯಲ್ಲಿ ಕೂರುತ್ತದೆ, 64 ಬಿಟ್‌ನಲ್ಲಿ 8ರ ಗಡಿಯಲ್ಲಿ. ಮೊದಲು ಒಂದು 32 ಬಿಟ್ ಫೀಲ್ಡ್, ಆಮೇಲೆ 64 ಬಿಟ್ ಫೀಲ್ಡ್ ಇಟ್ಟರೆ, ಎರಡನೆಯದು ಒಬ್ಬನಿಗೆ ಆಫ್‌ಸೆಟ್ 4ರಲ್ಲಿ, ಇನ್ನೊಬ್ಬನಿಗೆ 8ರಲ್ಲಿ ಕಾಣುತ್ತದೆ. ಇಬ್ಬರೂ ಒಂದೇ ಹೆಡರ್ ಫೈಲ್‌ನಿಂದ ಕಂಪೈಲ್ ಆಗಿರುತ್ತಾರೆ!

ಸೈಜ್_ಟಿ, ಲಾಂಗ್, ಈನಮ್, ಬೂಲ್ ಬಿಡಿ. ಗಾತ್ರ ಹೆಸರಲ್ಲೇ ಇರುವ ಟೈಪ್‌ಗಳನ್ನು ಬಳಸಿ, ನಡುವಿನ ಖಾಲಿ ಜಾಗಕ್ಕೂ ನೀವೇ ಒಂದು ಫೀಲ್ಡ್ ಇಡಿ, ಪ್ರತಿ ಫೀಲ್ಡ್‌ನ ಆಫ್‌ಸೆಟ್ ಮೇಲೆ ಸ್ಟ್ಯಾಟಿಕ್ ಅಸರ್ಟ್ ಹಾಕಿ. ಹೆಡರ್‌ನಲ್ಲಿ ಒಂದು ಗುರುತು ಸಂಖ್ಯೆ, ಆವೃತ್ತಿ, ಒಟ್ಟು ಗಾತ್ರ ಇರಲಿ. ಪೇಜ್ ಗಾತ್ರ 4096 ಅಂತ ಎಲ್ಲೂ ಬರೆಯಬೇಡಿ, ಆಪಲ್‌ನ ಹೊಸ ಚಿಪ್‌ಗಳಲ್ಲಿ ಅದು 16384. ವಿಂಡೋಸ್‌ನಲ್ಲಿ ವ್ಯೂ ಶುರುವಾಗುವ ಆಫ್‌ಸೆಟ್ 64 ಕೆಬಿಯ ಗುಣಕವೇ ಆಗಿರಬೇಕು.

ಬೈಟುಗಾರ

ಕೊನೆಯ ಪ್ರಶ್ನೆ. ಇದನ್ನೆಲ್ಲ ನಾನೇ ಬರೆಯಬೇಕಾ, ಸಿದ್ಧ ಲೈಬ್ರರಿ ಇದೆಯಾ? ಮತ್ತೆ, ಸರಿ ಇದೆ ಅಂತ ಹೇಗೆ ಗೊತ್ತಾಗುತ್ತದೆ?

ಹಳೇಯುನಿಕ್ಸ್

ಸಿ ಭಾಷೆಗೆ ಅಪಾಚೆಯ ಎಪಿಆರ್ ಇದೆ. ಅದರ ಎಪಿಆರ್_ಶಮ್ ಮೆಮೊರಿ ಮಾಡಿಕೊಡುತ್ತದೆ, ಎಪಿಆರ್_ಆರ್‌ಎಂಎಂ ಅದರೊಳಗೆ ಆಫ್‌ಸೆಟ್ ಲೆಕ್ಕದಲ್ಲೇ ಜಾಗ ಹಂಚುತ್ತದೆ. ಎಪಿಆರ್ ಮೊದಲೇ ಬಳಸುತ್ತಿದ್ದರೆ ಅದೇ ಸಾಕು. ಈ ಒಂದು ಕೆಲಸಕ್ಕೆ ಅಷ್ಟು ದೊಡ್ಡದನ್ನು ತರುವುದು ಬೇಡ ಅನ್ನಿಸಿದರೆ ಸ್ವಂತ ಪದರ ಬರೆಯಿರಿ, ಅದು ಚಿಕ್ಕದೇ. ಸಾದಾ ಫೈಲನ್ನೇ ಎಂಮ್ಯಾಪ್ ಮಾಡುವ ದಾರಿಯೂ ಇದೆ, ಎಸ್‌ಕ್ಯೂಲೈಟ್ ಡೇಟಾಬೇಸ್ ತನ್ನ ವಾಲ್ (ಬದಲಾವಣೆಗಳನ್ನು ಮೊದಲು ಲಾಗ್‌ಗೆ ಬರೆಯುವ) ಮೋಡ್‌ನಲ್ಲಿ ಶಮ್ ಅಂತ ಕೊನೆಯಾಗುವ ಫೈಲ್ ಇಡುವುದು ಅದಕ್ಕೇ. ನೆಟ್‌ವರ್ಕ್ ಡಿಸ್ಕ್ ಮೇಲೆ ಮಾತ್ರ ಅದು ನಡೆಯುವುದಿಲ್ಲ.

ಪರೀಕ್ಷೆಗೆ, ಬರೆಯುವವನನ್ನು ಒಂದು ಸ್ಕ್ರಿಪ್ಟ್‌ನಿಂದ ಎಲ್ಲೆಂದರಲ್ಲಿ ಕಿಲ್ ಮೈನಸ್ 9 ಹೊಡೆದು ಮತ್ತೆ ಎಬ್ಬಿಸುತ್ತಾ ಇರಿ, ರಾತ್ರಿಯಿಡೀ ಓಡಲಿ. ಪ್ರತಿ ದಾಖಲೆಯ ಎಲ್ಲ ಬೈಟ್‌ಗೂ ಒಂದೇ ಸಂಖ್ಯೆ ತುಂಬಿ. ಓದುಗನಿಗೆ ಒಂದೇ ದಾಖಲೆಯಲ್ಲಿ ಎರಡು ಬೇರೆ ಸಂಖ್ಯೆ ಕಂಡರೆ ಅಲ್ಲೇ ನಿಂತು ಡಂಪ್ ಕೊಡಲಿ. ಇಂಟೆಲ್ ಮೆಷಿನ್ ಒಂದರಲ್ಲೇ ಓಡಿಸಿ ಸುಮ್ಮನಾಗಬೇಡಿ, ಆರ್ಮ್ ಮೆಷಿನ್ ಒಂದು ಬೇಕೇ ಬೇಕು.

ಬೈಟುಗಾರ

ಇವತ್ತೇ ಸ್ಕ್ರಿಪ್ಟ್ ಬರೆದು ಮ್ಯಾಕ್ ಮೇಲೆ ಓಡಿಸುತ್ತೇನೆ. ಡಂಪ್ ಬಂದರೆ ಇಲ್ಲೇ ಹಾಕುತ್ತೇನೆ.